ಶಾಸನಸೂಚಿಯೂ ಗಣಕದ ದತ್ತಾಂಶಕೋಶವೂ

ಚಾಮರಾಜನಗರದ ಪಾರ್ಶ್ವನಾಥ ಬಸದಿಯಲ್ಲಿರುವ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನ ಕ್ರಿ.ಶ. 1117ರ ಶಾಸನವು ವಿದ್ವಾಂಸರಿಗೆ ಸುಪರಿಚಿತವಾದುದು. ಬಿ. ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 4ನೆಯ ಸಂಪುಟದಲ್ಲಿ ಅದು ಚಾಮರಾಜನಗರ ತಾಲ್ಲೂಕಿನ 83ನೆಯ ಶಾಸನ. ಗುಂಡ್ಲುಪೇಟೆಯ ಶಾಸನಗಳೂ ಅದೇ ಸಂಪುಟದಲ್ಲಿದ್ದುವು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿಯಲ್ಲಿಯಾದರೋ ಗುಂಡ್ಲುಪೇಟೆಯು 3ನೆಯ ಸಂಪುಟಕ್ಕೂ (1974) ಚಾಮರಾಜನಗರವು 4ನೆಯದಕ್ಕೂ (1975) ಸೇರಿದುವು. ಹೀಗೆ ಒಂದೇ ಕಲ್ಲಿಗೆ ಎರಡು ಉಲ್ಲೇಖಗಳು. ಊರ ಹೆಸರೂ ಸ್ಥಿರವಲ್ಲ: ಅರಿಕುಠಾರವು 1818ರಲ್ಲಿ ಚಾಮರಾಜನಗರವಾಯಿತು, 1997ರಲ್ಲಿ ಎರಡೂ ತಾಲ್ಲೂಕುಗಳು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟುವು. ಇದನ್ನರಿಯದ ಗಣಕವು ಒಂದು ಶಾಸನವನ್ನು ಎರಡೆಂದು ಎಣಿಸಿದರೆ, ಆ ಎಣಿಕೆಯನ್ನು ನಂಬಿ ಬರೆದ ಜೈನ ನೆಲೆಗಳ ಚರಿತ್ರೆಯೂ ತಪ್ಪುತ್ತದೆ.

ಓದುಗನ ಕಣ್ಣಿಗೆ ಬೀಳದೆ ಹಿಂದೆ ನಿಂತು ಪ್ರಶ್ನೆಗೆ ಉತ್ತರವನ್ನು ಹುಡುಕಿ ಕೊಡುವ ಭಾಗವನ್ನು ಗಣಕಜ್ಞರು ಬ್ಯಾಕ್‌ಎಂಡ್ ಎನ್ನುವರು. ಅದರ ಆಧಾರವೇ ದತ್ತಾಂಶಕೋಶ. ಇದನ್ನು ಕಲಿಯಬಯಸುವ ತರುಣನು ಮೊದಲು ಸಂಬಂಧಾತ್ಮಕ ಪದ್ಧತಿಯನ್ನೇ ಅಭ್ಯಸಿಸಬೇಕೆಂಬುದು ನನ್ನ ಅಭಿಪ್ರಾಯ. 1970ರಲ್ಲಿ ಇ. ಎಫ್. ಕಾಡ್ ಅವರು ಪ್ರತಿಪಾದಿಸಿದ ಈ ಕ್ರಮದಲ್ಲಿ ಶಾಸನಕ್ಕೊಂದು ಪಟ್ಟಿ, ಊರಿಗೊಂದು, ವ್ಯಕ್ತಿಗೊಂದು, ಸಂಪುಟದ ಉಲ್ಲೇಖಗಳಿಗೊಂದು ಪಟ್ಟಿ. ಪ್ರತಿ ಕಲ್ಲಿಗೂ ಯಾವ ಆವೃತ್ತಿಯನ್ನೂ ಅವಲಂಬಿಸದ ಒಂದು ಸ್ವಂತ ಸಂಖ್ಯೆಯುಂಟು. ರೈಸ್ ಅವರ 83 ಎಂಬುದು ಆ ಸಂಖ್ಯೆಗೆ ಜೋಡಿಸಿದ ಒಂದು ಉಲ್ಲೇಖ ಮಾತ್ರ. ಪಟ್ಟಿಗಳನ್ನು ಕೂಡಿಸಿ ಪ್ರಶ್ನಿಸುವ ಭಾಷೆಯೇ ಎಸ್‌ಕ್ಯೂಎಲ್.

ಇದರ ಬೆಲೆ ತಿಳಿಯುವುದು ಆಚಾರ್ಯರ ಹೆಸರುಗಳಲ್ಲಿ. ಮಲೆಯೂರಿನ ಕನಕಗಿರಿಯೊಡನೆ ಪರಂಪರೆಯು ಜೋಡಿಸುವ ಪೂಜ್ಯಪಾದರಿಗೆ ದೇವನಂದಿ, ಜಿನೇಂದ್ರಬುದ್ಧಿ ಎಂಬ ಹೆಸರುಗಳೂ ಉಂಟು: ವ್ಯಕ್ತಿ ಒಬ್ಬರು, ಹೆಸರು ಮೂರು. ಪ್ರಭಾಚಂದ್ರ ಎಂಬಲ್ಲಿ ಇದರ ವಿಪರ್ಯಯ: ಹೆಸರು ಒಂದು, ವ್ಯಕ್ತಿಗಳು ಹಲವರು. ವ್ಯಕ್ತಿಯ ಪಟ್ಟಿಯನ್ನೂ ಹೆಸರಿನ ಪಟ್ಟಿಯನ್ನೂ ಬೇರೆ ಬೇರೆ ಇರಿಸಿದಲ್ಲದೆ ಈ ತೊಡಕು ಬಿಡದು. ಯಾವ ಪ್ರಭಾಚಂದ್ರರೆಂಬುದನ್ನು ಗಣಕ ನಿರ್ಣಯಿಸಲಾರದು. ಅದು ಪಂಡಿತರ ಕೆಲಸ.

ಸಂಬಂಧಾತ್ಮಕವಲ್ಲದ ಕೋಶಗಳಲ್ಲಿ ಇಂತಹ ಬಿಗಿಯಾದ ಅಂಕಣಗಳಿಲ್ಲ. 2009ರಲ್ಲಿ ಬಂದ ಮೊಂಗೋಡಿಬಿಯಂತಹವುಗಳಲ್ಲಿ ಒಂದು ದಾಖಲೆ ಇನ್ನೊಂದರಂತೆಯೇ ಇರಬೇಕಾಗಿಲ್ಲ. ಓಲೆಗರಿಯ ಕಟ್ಟಿನ ವಿವರಣೆಗೆ ಇದು ಹಿತಕರ. ಒಂದು ಕಟ್ಟಿನಲ್ಲಿ ಐದು ಕೃತಿಗಳು, ಒಂದಕ್ಕೆ ಲಿಪಿಕಾರನ ಪ್ರಶಸ್ತಿ, ಇನ್ನೊಂದಕ್ಕೆ ಆದಿಯೇ ಲುಪ್ತ, ಮತ್ತೊಂದರ ಅಂಚಿನಲ್ಲಿ ಟೀಕೆ! ಆದರೆ ಹೆಸರುಗಳನ್ನು ದಾಖಲೆಯೊಳಗೇ ಬರೆದುಬಿಟ್ಟರೆ ಒಂದು ತಿದ್ದುಪಡಿಗಾಗಿ ನೂರು ದಾಖಲೆಗಳನ್ನು ತೆರೆಯಬೇಕಾದೀತು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂತಹ ಸಂಬಂಧಾತ್ಮಕ ಕೋಶಗಳು ಇಂತಹ ಸಡಿಲ ದಾಖಲೆಯನ್ನೂ ಒಂದು ಅಂಕಣದಲ್ಲಿ ಧರಿಸಬಲ್ಲುವಾದ್ದರಿಂದ ಸಣ್ಣ ಭಂಡಾರಕ್ಕೆ ಎರಡು ಕೋಶಗಳ ಹೊರೆ ಅನಾವಶ್ಯಕ. (ಅಂದಹಾಗೆ, ಹಳಗನ್ನಡದ ೞಕಾರಕ್ಕೆ ಯೂನಿಕೋಡಿನಲ್ಲಿ ಸ್ಥಾನವಿದ್ದರೂ ಅದರ ಹೆಸರು ಪ್ರಮಾದವಶಾತ್ ‘ಫ’ ಎಂದು ದಾಖಲಾಗಿದೆ. ಹೆಸರು ತಪ್ಪಿದರೂ ಅಕ್ಷರ ಸರಿಯಾಗಿಯೇ ಮೂಡುತ್ತದೆ.)

ಇನ್ನು ಕ್ಲೌಡ್. ಇದು ಮೂರನೆಯ ಜಾತಿಯ ಕೋಶವಲ್ಲ. ಮೇಲಿನ ಎರಡರಲ್ಲಿ ಯಾವುದನ್ನಾದರೂ ಬೇರೆಯವರ ಯಂತ್ರದಲ್ಲಿ ಬಾಡಿಗೆಗೆ ಇರಿಸುವ ವ್ಯವಸ್ಥೆ. ಪ್ರತಿಗಳನ್ನು ದೂರದ ಊರುಗಳಲ್ಲಿಯೂ ಕಾಯ್ದಿಡುವುದು ಇದರ ಗುಣ. ಧವಲಾಗ್ರಂಥದ ಓಲೆಪ್ರತಿಗಳು ಶತಮಾನಗಳ ಕಾಲ ಮೂಡಬಿದಿರೆಯಲ್ಲಿ ಮಾತ್ರವೇ ಉಳಿದಿದ್ದು, 1939ರಿಂದ ಮುದ್ರಣಕ್ಕೆ ಬಂದುದನ್ನು ನೆನೆದರೆ ಪ್ರತ್ಯಂತರದ ಮಹತ್ತ್ವವನ್ನು ಹೇಳಬೇಕಾಗಿಲ್ಲ. ಆದರೆ ಇಲ್ಲಿಯ ಪ್ರತಿಗಳು ಮೂಲವನ್ನು ಆಗಿಂದಾಗ್ಗೆ ಅನುಸರಿಸುವಂತಹವು. ಒಂದೆಡೆ ಕೈತಪ್ಪಿ ಅಳಿಸಿದುದು ಎಲ್ಲೆಡೆಯೂ ಅಳಿಯುತ್ತದೆ. ಆದುದರಿಂದ ತಿಂಗಳಿಗೊಮ್ಮೆಯಾದರೂ ಇಡೀ ಕೋಶದ ನಕಲನ್ನು ತೆಗೆದು, ದಿನಾಂಕ ಬರೆದು, ಭಂಡಾರದ ಪೆಟ್ಟಿಗೆಯಲ್ಲಿಯೇ ಬೇರೆಯಾಗಿ ಇರಿಸತಕ್ಕದ್ದು.