ಸಾಕುನಾಯಿಯ ಅನ್ನರಕ್ಷಣೆ: ಕಾರಣವೂ ಪರಿಹಾರವೂ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. 949-50ರ ಶಾಸನವು ಕನ್ನಡನಾಡಿನಲ್ಲಿ ನಾಯಿಗೆ ಸಂದ ಗೌರವಕ್ಕೆ ಪ್ರಸಿದ್ಧವಾದ ಸಾಕ್ಷಿಯಾಗಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನು ತನ್ನ ಒಡೆಯನಿಂದ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನೆಂದೂ, ಆ ನಾಯಿಯು ಹಂದಿಯೊಡನೆ ಕಾದಿ ಅದರೊಡನೆಯೇ ಸತ್ತಿತೆಂದೂ ಅದರಿಂದ ತಿಳಿದುಬರುತ್ತದೆ. ಒಡೆಯನಿಗಾಗಿ ಪ್ರಾಣವನ್ನೇ ಕೊಡಬಲ್ಲ ಈ ಪ್ರಾಣಿಯು, ತನ್ನ ಅನ್ನದ ತಟ್ಟೆಯ ಬಳಿಗೆ ಅದೇ ಒಡೆಯನು ಬಂದರೆ ಹಲ್ಲು ತೋರಿಸಿ ಗುರುಗುಟ್ಟುವುದೂ ಉಂಟು. ಇದನ್ನು ಕೃತಘ್ನತೆಯೆಂದು ತಿಳಿದು ನಾಯಿಯನ್ನು ಹೊಡೆಯುವವರೂ, ಮನೆಯಿಂದ ಹೊರಗಟ್ಟುವವರೂ ಹಲವರು. ಈ ನಡತೆಯನ್ನು ಇಲ್ಲಿ ‘ಅನ್ನರಕ್ಷಣೆ’ ಎಂದು ಕರೆಯೋಣ. ಇದರ ಮೂಲವು ಯಾವುದು, ಇದನ್ನು ತಿದ್ದುವ ಬಗೆ ಹೇಗೆ ಎಂಬುದೇ ಈ ಲೇಖನದ ವಿಷಯ.

ನಾಯಿಯು ಮನೆಯವರ ಮೇಲೆ ಯಜಮಾನಿಕೆಯನ್ನು ಸಾಧಿಸಲು ಹೀಗೆ ಮಾಡುವುದೆಂಬ ಅಭಿಪ್ರಾಯವು ಬಹುಕಾಲ ಪ್ರಚಾರದಲ್ಲಿತ್ತು. ಇದಕ್ಕೆ ಆಧಾರವಾದುದು ತೋಳಗಳ ಅಧ್ಯಯನ. ರುಡಾಲ್ಫ್ ಶೆಂಕೆಲ್ ಎಂಬ ವಿದ್ವಾಂಸನು ಸೆರೆಯಲ್ಲಿದ್ದ ತೋಳಗಳನ್ನು ಪರೀಕ್ಷಿಸಿ, ಅವುಗಳೊಳಗೆ ಅಗ್ರಸ್ಥಾನಕ್ಕಾಗಿ ನಡೆಯುವ ಹೋರಾಟವನ್ನು 1947ರಲ್ಲಿ ವರ್ಣಿಸಿದನು. ಅಮೆರಿಕದ ಡೇವಿಡ್ ಮೆಕ್ ಎಂಬುವನ 1970ರ ಗ್ರಂಥದಿಂದ ಈ ಭಾವನೆಯು ಇನ್ನೂ ಹರಡಿತು. ಆದರೆ ಕಾಡಿನ ತೋಳಗಳನ್ನು ಅನೇಕ ವರ್ಷ ಕಂಡ ಮೆಕ್‌ನೇ, ಅವುಗಳ ಗುಂಪು ಸಾಮಾನ್ಯವಾಗಿ ತಾಯಿ, ತಂದೆ, ಮಕ್ಕಳಿಂದ ಕೂಡಿದ ಕುಟುಂಬವೆಂದು 1999ರಲ್ಲಿ ತೋರಿಸಿಕೊಟ್ಟನು. ಅಷ್ಟೇ ಅಲ್ಲದೆ, ತೋಳಗಳಲ್ಲಿ ಕೆಳಗಿನ ಸ್ಥಾನದ ಪ್ರಾಣಿಯೂ ತನ್ನ ಬಾಯಿಯ ಬಳಿಯಿರುವ ಆಹಾರವನ್ನು ಮೇಲಿನದಕ್ಕೆ ಬಿಟ್ಟುಕೊಡದೆ ಕಾಯುವುದು. ಆದುದರಿಂದ ಅನ್ನವನ್ನು ಕಾಯುವುದು ಅಧಿಕಾರದ ಚಿಹ್ನೆಯಲ್ಲ. ಕೈಗೆ ಬಂದ ತುತ್ತು ಹೋದೀತೆಂಬ ಭಯದ ಚಿಹ್ನೆ.

ಈ ಭಯವು ಒಮ್ಮೆಗೇ ಕಚ್ಚುವ ರೂಪವನ್ನು ತಾಳುವುದಿಲ್ಲ. ಮೊದಲು ನಾಯಿಯು ತಿನ್ನುವುದನ್ನು ನಿಲ್ಲಿಸಿ ಮೈಯನ್ನು ಬಿಗಿಹಿಡಿಯುವುದು, ಇಲ್ಲವೆ ಗಬಗಬನೆ ನುಂಗುವುದು. ತಟ್ಟೆಯ ಮೇಲೆ ತಲೆಯನ್ನು ಬಾಗಿಸಿಕೊಂಡು, ಕಣ್ಣಿನ ಬಿಳುಪು ಕಾಣುವಂತೆ ಓರೆಯಾಗಿ ನೋಡುವುದು. ಬಳಿಕ ತುಟಿಯೆತ್ತಿ ಗುರುಗುಟ್ಟುವುದು, ಆಮೇಲೆ ಗಾಳಿಯನ್ನು ಕಚ್ಚಿ ಹೆದರಿಸುವುದು, ಕಡೆಗೆ ಕಚ್ಚುವುದು. ಇವುಗಳಲ್ಲಿ ಗುರುಗುಟ್ಟುವಿಕೆಯು ನಮಗೆ ಬಹಳ ಉಪಕಾರಿಯಾದುದು. ಅದು ದೂರವಿರೆಂದು ನಾಯಿಯು ಕೊಡುವ ಎಚ್ಚರಿಕೆ. ಗುರುಗುಟ್ಟಿತೆಂದು ಹೊಡೆದರೆ ನಾಯಿಯು ಭಯವನ್ನು ಬಿಡುವುದಿಲ್ಲ, ಎಚ್ಚರಿಕೆಯನ್ನು ಮಾತ್ರ ಬಿಡುವುದು. ಸದ್ದಿಲ್ಲದೆ ಕಚ್ಚುವ ನಾಯಿಗಳಲ್ಲಿ ಕೆಲವನ್ನು ಹೀಗೆ ನಾವೇ ನಿರ್ಮಿಸುತ್ತೇವೆ.

ಮರಿಯು ತಿನ್ನುತ್ತಿರುವಾಗ ಪದೇ ಪದೇ ತಟ್ಟೆಯನ್ನು ಕಿತ್ತುಕೊಂಡರೆ ಅದು ಸಾಧುವಾಗುವುದೆಂಬ ನಂಬಿಕೆಯೂ ಹೀಗೆಯೇ ವಿಪರೀತ ಫಲವನ್ನು ಕೊಡತಕ್ಕುದು. ಮನುಷ್ಯನು ಹತ್ತಿರ ಬಂದನೆಂದರೆ ಅನ್ನವು ಹೋಯಿತೆಂಬುದನ್ನೇ ಮರಿಯು ಇದರಿಂದ ಕಲಿಯುವುದು. ಕೆನಡಾ ದೇಶದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ಸಂಶೋಧಕರು ನಾಯಿ ಸಾಕಿದವರನ್ನು ವಿಚಾರಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಹೊಂದುತ್ತದೆ. ಊಟದ ನಡುವೆ ತಟ್ಟೆಯನ್ನು ತೆಗೆಯುವ ಮನೆಗಳಲ್ಲಿ ಈ ನಡತೆಯು ಹೆಚ್ಚಾಗಿಯೂ, ತಟ್ಟೆಗೆ ರುಚಿಯಾದ ತುಣುಕುಗಳನ್ನು ಸೇರಿಸುವ ಮನೆಗಳಲ್ಲಿ ಕಡಿಮೆಯಾಗಿಯೂ ಕಂಡುಬಂದಿತು. ಇಂತಹ ವಿಚಾರಣೆಯಿಂದ ಕಾರ್ಯಕಾರಣ ಸಂಬಂಧವು ಪೂರ್ತಿಯಾಗಿ ಸಿದ್ಧವಾಗುವುದಿಲ್ಲವಾದರೂ ಅದು ತೋರುವ ದಾರಿಯು ಸ್ಪಷ್ಟವಾಗಿದೆ.

ಪರಿಹಾರದ ತತ್ತ್ವವು ರಷ್ಯಾದ ಪಾವ್ಲೋವನ ಪ್ರಯೋಗಗಳಿಂದ ವಿದಿತವಾದುದೇ. ಒಂದು ಸೂಚನೆಯ ಹಿಂದೆಯೇ ಆಹಾರವು ಬರುತ್ತಿದ್ದರೆ ನಾಯಿಯು ಆ ಸೂಚನೆಗೇ ಬಾಯಿ ನೀರೂರಿಸುವುದು. ಇಲ್ಲಿ ಮನುಷ್ಯನ ಬರುವಿಕೆಯೇ ಸೂಚನೆಯಾಗಬೇಕು. ಕ್ರಮವು ಹೀಗೆ: ನಾಯಿಯು ತನ್ನ ಅನ್ನವನ್ನೋ ರಾಗಿಮುದ್ದೆಯನ್ನೋ ತಿನ್ನುತ್ತಿರುವಾಗ, ಅದರ ಮೈ ಬಿಗಿಯದಷ್ಟು ದೂರದಲ್ಲಿ ನಿಂತು, ಅದಕ್ಕಿಂತ ರುಚಿಯಾದ ಮಾಂಸದ ತುಣುಕೊಂದನ್ನು ತಟ್ಟೆಯ ಕಡೆಗೆ ಎಸೆದು ಹಿಂದಿರುಗತಕ್ಕುದು. ನಾಯಿಯು ನಮ್ಮನ್ನು ಕಂಡೊಡನೆ ತಲೆಯೆತ್ತಿ, ಸಡಿಲವಾದ ಮೈಯಿಂದ ಬಾಲವನ್ನಾಡಿಸಿ ನಿರೀಕ್ಷಿಸುವಂತಾದ ಮೇಲೆ, ಮರುದಿನ ಒಂದು ಹೆಜ್ಜೆ ಮುಂದೆ ಹೋಗಬಹುದು. ಮೈ ಬಿಗಿದರೆ ಎರಡು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಇದಕ್ಕೆ ವಾರಗಳೂ ತಿಂಗಳುಗಳೂ ಹಿಡಿಯಬಹುದು. ಬಾಯಲ್ಲಿ ಕಚ್ಚಿಕೊಂಡ ಮೂಳೆಯನ್ನು ಕಿತ್ತುಕೊಳ್ಳದೆ, ಅದಕ್ಕಿಂತ ಒಳ್ಳೆಯದೊಂದನ್ನು ಕೊಟ್ಟು ವಿನಿಮಯ ಮಾಡಿಕೊಳ್ಳುವುದನ್ನೂ ಇದೇ ತತ್ತ್ವದಿಂದ ಕಲಿಸಬಹುದು.

ಈ ಶಿಕ್ಷಣಕ್ಕೆ ಮೊದಲು ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಆರೋಗ್ಯ. ಹಸಿವು, ಹಲ್ಲುನೋವು ಮುಂತಾದ ಬಾಧೆಗಳಿಂದಲೂ, ಹಸಿವನ್ನು ಹೆಚ್ಚಿಸುವ ಸ್ಟೀರಾಯ್ಡ್ ಮೊದಲಾದ ಔಷಧಗಳಿಂದಲೂ ಈ ನಡತೆಯು ತಲೆದೋರಬಹುದು; ಆದುದರಿಂದ ಪಶುವೈದ್ಯರಿಂದ ಪರೀಕ್ಷೆ ಮಾಡಿಸತಕ್ಕುದು. ಎರಡು, ರಕ್ಷಣೆ. ನಾಯಿಗೆ ಒಂದು ಮೂಲೆಯಲ್ಲೋ ಬೇರೆ ಕೋಣೆಯಲ್ಲೋ ಬಾಗಿಲು ಮುಚ್ಚಿ ಊಟವಿಡಬೇಕು. ಮನೆಯಲ್ಲಿ ಹಲವು ನಾಯಿಗಳಿದ್ದರೆ ಬೇರೆ ಬೇರೆಯಾಗಿ ಇಡಬೇಕು. ಚಿಕ್ಕ ಮಕ್ಕಳು ನಾಯಿಯ ಸೂಚನೆಗಳನ್ನು ಅರಿಯರು. ಅವರ ಮುಖವೂ ನಾಯಿಯ ಬಾಯಿಯ ಎತ್ತರದಲ್ಲಿಯೇ ಇರುತ್ತದೆ. ಮೇಲೆ ಹೇಳಿದ ಅಭ್ಯಾಸವನ್ನು ಎಂದಿಗೂ ಮಕ್ಕಳಿಂದ ಮಾಡಿಸಬಾರದು. ಒಮ್ಮೆ ಕಚ್ಚಿದ ನಾಯಿಯ ವಿಷಯದಲ್ಲಿ ದೊಡ್ಡವರೂ ಸ್ವಂತ ಸಾಹಸವನ್ನು ಬಿಟ್ಟು, ನಾಯಿಗಳ ನಡತೆಯನ್ನು ಬಲ್ಲ ವೈದ್ಯರ ನೆರವನ್ನು ಪಡೆಯಬೇಕು. ಕಚ್ಚಿದ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಆಗಲೇ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆಯ ವಿಷಯವನ್ನು ವಿಚಾರಿಸತಕ್ಕುದು. ಆ ರೋಗದ ಲಕ್ಷಣಗಳು ಕಾಣಿಸಿದ ಮೇಲೆ ಬದುಕುವವರು ಅತಿವಿರಳ.

ನಾಯಿಯ ಬಾಲವು ಡೊಂಕೆಂದು ಗಾದೆಯುಂಟು. ಬಾಲದ ಮಾತು ಹೇಗಾದರೂ ಇರಲಿ, ತಟ್ಟೆಯ ಬಳಿಯ ನಡತೆಯಂತೂ ಬಹುಮಟ್ಟಿಗೆ ತಿದ್ದಲು ಸಾಧ್ಯವಾದುದು. ಕಸಿಯುವ ಕೈಯನ್ನು ಕಂಡು ನಾಯಿಯು ಗುರುಗುಟ್ಟುವುದನ್ನು ಕಲಿತಿದ್ದರೆ, ಕೊಡುವ ಕೈಯನ್ನು ಕಂಡು ಅದನ್ನು ಮರೆಯಲೂ ಕಲಿಯಬಲ್ಲುದು. ಆದರೆ ಮೊದಲು ಬದಲಾಗಬೇಕಾದುದು ಕೈಯ ಅಭ್ಯಾಸ.