ಹದಿನಾರಕ್ಕೇ ಬಾಗಿಲು ಮುಚ್ಚಬೇಕೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಮರುದಿನವೇ ನಮ್ಮ ಮನೆಗಳಲ್ಲಿ ತೀರ್ಮಾನ ಆಗಿಬಿಡುತ್ತದೆ. ಅಂಕ ಚೆನ್ನಾಗಿದ್ದರೆ ವಿಜ್ಞಾನ, ಸಾಧಾರಣವಾಗಿದ್ದರೆ ವಾಣಿಜ್ಯ, ಉಳಿದವರಿಗೆ ಕಲಾ ವಿಭಾಗ. ಪ್ರತಿಭಾವಂತ ಮಕ್ಕಳು ಬೇಗನೆ ಒಂದು ವಿಷಯದಲ್ಲಿ ಪಳಗಬೇಕೇ, ಕೆಲಕಾಲ ಹಲವು ವಿಷಯಗಳನ್ನು ಓದಬೇಕೇ ಎಂಬ ಪ್ರಶ್ನೆ ಚರ್ಚೆಗೇ ಬರುವುದಿಲ್ಲ.

ಬೇಗ ಪರಿಣತಿ ಪಡೆಯಬೇಕೆನ್ನುವವರ ವಾದ ಹಗುರವಾದುದಲ್ಲ. ಶ್ರೀನಿವಾಸ ರಾಮಾನುಜನ್ 1904ರಲ್ಲಿ ವಿದ್ಯಾರ್ಥಿವೇತನದೊಂದಿಗೆ ಕುಂಭಕೋಣಂನ ಸರ್ಕಾರಿ ಕಾಲೇಜು ಸೇರಿದರು. ಗಣಿತವೊಂದನ್ನುಳಿದು ಬೇರೆ ವಿಷಯಗಳತ್ತ ಗಮನ ಹರಿಸದೆ ಆ ವೇತನವನ್ನು ಕಳೆದುಕೊಂಡರು. ಮುಂದೆ ಮದರಾಸಿನಲ್ಲಿ ಓದಿದರೂ ಎಫ್.ಎ. ಪರೀಕ್ಷೆ ದಾಟಲಾಗಲಿಲ್ಲ. ಪದವಿಯೇ ಇಲ್ಲದ ಅವರಿಗೆ ಮದರಾಸು ವಿಶ್ವವಿದ್ಯಾಲಯ 1913ರಲ್ಲಿ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ನೀಡಿದ ಮೇಲಷ್ಟೇ ಅವರು ಪೂರ್ಣಕಾಲ ಗಣಿತದಲ್ಲಿ ತೊಡಗುವುದು ಸಾಧ್ಯವಾಯಿತು. ಎಲ್ಲರಿಗೂ ಎಲ್ಲವೂ ಕಡ್ಡಾಯವೆಂಬ ನಿಯಮಕ್ಕೆ ಇದು ತಕ್ಕ ಎಚ್ಚರಿಕೆ.

ಆದರೆ ಜಾಣ ಮಕ್ಕಳೆಲ್ಲರೂ ರಾಮಾನುಜನ್ ಅಲ್ಲ. ಶಾಲಾ ದಿನಗಳಲ್ಲಿ ಸಂಸ್ಕೃತ, ಗಣಿತ, ಭೌತಶಾಸ್ತ್ರಗಳಿಗೆ ಒಂದಾದಮೇಲೊಂದರಂತೆ ಮನಸೋತ ಅಮರ್ತ್ಯ ಸೇನ್ ಬಳಿಕ ಅರ್ಥಶಾಸ್ತ್ರಕ್ಕೆ ಬಂದವರು. ಶ್ರಮವಿಭಜನೆಯಿಂದ ಉತ್ಪಾದನೆ ಹೆಚ್ಚುವುದನ್ನು 1776ರಲ್ಲಿ ವಿವರಿಸಿದ ಆಡಂ ಸ್ಮಿತ್, ಜೀವನವಿಡೀ ಒಂದೆರಡು ಕ್ರಿಯೆಗಳಿಗೇ ಕಟ್ಟುಬಿದ್ದವನ ಬುದ್ಧಿ ಮಂಕಾಗುತ್ತದೆಂದೂ ಅದೇ ಗ್ರಂಥದಲ್ಲಿ ಎಚ್ಚರಿಸಿದ್ದಾನೆ. ಅರ್ಥಶಾಸ್ತ್ರ ಓದಿದ ನಾವು ಮೊದಲನೆಯದನ್ನು ನೆನಪಿಟ್ಟು ಎರಡನೆಯದನ್ನು ಮರೆಯುವುದೇ ಹೆಚ್ಚು.

ಹಿಂತೆಗೆಯಲಾಗದ ನಿರ್ಧಾರವನ್ನು ಮಾಹಿತಿ ಸಾಲದಿರುವಾಗ ಕೈಗೊಳ್ಳುವುದು ವಿವೇಕವಲ್ಲ. ನಮ್ಮ ಪಿಯುಸಿ ವ್ಯವಸ್ಥೆ ಮಕ್ಕಳಿಂದ ಇದನ್ನೇ ಮಾಡಿಸುತ್ತದೆ. ವಿಜ್ಞಾನ ಓದಿದವರು ಮುಂದೆ ಬಿ.ಎ., ಕಾನೂನು ಯಾವುದಕ್ಕಾದರೂ ಹೊರಳಬಹುದು. ಕಲಾ ವಿಭಾಗದವರಿಗೆ ವೈದ್ಯಕೀಯ, ಎಂಜಿನಿಯರಿಂಗ್ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಹೀಗಾಗಿ ಇತಿಹಾಸದಲ್ಲಿ ಒಲವುಳ್ಳ ಹುಡುಗಿಯೂ ಭೌತಶಾಸ್ತ್ರದ ಕೋಚಿಂಗ್ ತರಗತಿಗೆ ನಡೆಯುತ್ತಾಳೆ. ಇದನ್ನು ಪರಿಣತಿಯ ಆಯ್ಕೆಯೆನ್ನಲಾಗದು. ಇದು ಭಯದ ಆಯ್ಕೆ.

ಬೇರೆ ದಾರಿ ನಮ್ಮ ಊರಿನಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಆರಂಭಿಸಿದ ನಾಲ್ಕು ವರ್ಷಗಳ ಪದವಿಯಲ್ಲಿ ಮೊದಲ ಮೂರು ಸೆಮಿಸ್ಟರ್‌ಗಳ ಕಾಲ ಎಲ್ಲರಿಗೂ ಮೂಲವಿಜ್ಞಾನಗಳ ಸಮಾನ ಪಾಠವನ್ನಿರಿಸಿ, ಜೊತೆಗೆ ಮಾನವಿಕ ವಿಷಯಗಳನ್ನೂ ಸೇರಿಸಿತು. ಒಂದು ವಿಷಯದ ಆಳಕ್ಕಿಳಿಯುವುದು ಆನಂತರ. ರಾಜ್ಯದಲ್ಲಿ ಪದವಿ ಮೂರು ವರ್ಷವೋ ನಾಲ್ಕೋ ಎಂಬ ಚರ್ಚೆ 2024ರಲ್ಲಿ ಮೂರು ವರ್ಷಕ್ಕೆ ಮರಳುವುದರೊಂದಿಗೆ ಮುಗಿಯಿತು. ಅದಕ್ಕೂ ಮುಂಚಿನ ಹದಿನಾರರ ಬಾಗಿಲು ಹಾಗೆಯೇ ಉಳಿಯಿತು.

ಸರ್ಕಾರ ಎರಡು ಕ್ರಮಗಳನ್ನು ಪರಿಶೀಲಿಸಬಹುದು. ಪಿಯುಸಿಯಲ್ಲಿ ಪ್ರತಿ ವಿದ್ಯಾರ್ಥಿಗೂ ಅನ್ಯ ವಿಭಾಗದ ಒಂದು ವಿಷಯ ಓದುವ ಅವಕಾಶವಿರಲಿ; ವಿಭಾಗ ಬದಲಿಸಲು ಬಯಸುವವರಿಗೆ ಒಂದು ವರ್ಷದ ಸೇತುಬಂಧ ಶಿಕ್ಷಣ ಸಿಗಲಿ. ಒಂದೇ ವಿಷಯದಲ್ಲಿ ಅಸಾಧಾರಣ ಶಕ್ತಿ ತೋರುವ ಕೆಲವರಿಗೆ ಉಳಿದ ವಿಷಯಗಳ ಅಂಕ ಅಡ್ಡಿಯಾಗದಂತೆ ವಿದ್ಯಾರ್ಥಿವೇತನ ದೊರೆಯಲಿ. ಮೊದಲನೆಯದರಿಂದ ಬಹುಮಂದಿಗೆ ಯೋಚಿಸಲು ಕಾಲಾವಕಾಶ ಸಿಗುತ್ತದೆ. ಎರಡನೆಯದರಿಂದ ಮತ್ತೊಬ್ಬ ರಾಮಾನುಜನ್ ಎಫ್.ಎ. ಪರೀಕ್ಷೆಯ ಬಾಗಿಲಲ್ಲಿ ನಿಲ್ಲುವುದು ತಪ್ಪುತ್ತದೆ.