ಪಥ್ಯದ ನಾಯಿಗೊಂದು ಕೈತುತ್ತು

ಹಾಸನ ಜಿಲ್ಲೆಯ ಕೊರವಂಗಲವಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಹಳ್ಳಿಯಾಗಲಿ, ಮನೆ ನಾಯಿಯ ಊಟವೆಂದರೆ ಮುದ್ದೆ. ಸಾರಿದ್ದರೆ ಸಾರು, ಹಾಲಿದ್ದರೆ ಹಾಲು. ಅದರ ಮೇಲೆ ದಿನವಿಡೀ ಕೈತುತ್ತು ಬೇರೆ: ಕಾಫಿ ಹೊತ್ತಿಗೆ ಬಿಸ್ಕತ್ತು, ಕಾಯಿ ತುರಿಯುವಾಗ ಒಂದು ಚೂರು, ಕೊನೆಗೆ ತಟ್ಟೆಯಲ್ಲಿ ಉಳಿದದ್ದು. ಗಟ್ಟಿಮುಟ್ಟಾದ ನಾಯಿ ಇದನ್ನೆಲ್ಲ ಅರಗಿಸಿಕೊಂಡು ಬಾಳಿಬಿಡುವುದೂ ಉಂಟು. ಕಷ್ಟ ಶುರುವಾಗುವುದು ಡಾಕ್ಟರು ‘ಇದಕ್ಕಿನ್ನು ಪಥ್ಯ’ ಎಂದ ದಿನದಿಂದ. ಬಟ್ಟಲಿನ ಊಟ ಬದಲಿಸಲು ಮನೆಯವರು ಬೇಗ ಒಪ್ಪುತ್ತಾರೆ. ಕೈತುತ್ತು ನಿಲ್ಲಿಸಲು ಮಾತ್ರ ಯಾರಿಗೂ ಮನಸ್ಸು ಬಾರದು. “ಬಾಯಿ ಬರ್ದಿರೋ ಪ್ರಾಣಿ ಕಣಪ್ಪ, ಮುಂದೆ ಬಂದು ನಿಂತ್ರೆ ಹೆಂಗ್ ಹಾಕ್ದೆ ಇರಾದು?” ಎಂದು ಅಜ್ಜಿಯೊಬ್ಬರು ಕೇಳಿದರೆ ಅದಕ್ಕೆ ಉತ್ತರವಿಲ್ಲ. ನಿಲ್ಲಿಸಬೇಕಾಗಿಯೂ ಇಲ್ಲ. ಆಗಬೇಕಾದದ್ದು ಇಷ್ಟೇ: ನಾಯಿಯ ಪಾಲನ್ನು ಉಪ್ಪು, ಹುಳಿ, ಒಗ್ಗರಣೆ ಬೀಳುವುದಕ್ಕೆ ಮುಂಚೆಯೇ ತೆಗೆದಿಡಬೇಕು.

ಮುದ್ದೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ‘ನಾಯಿ ಮಾಂಸಾಹಾರಿ, ಅದಕ್ಕೆ ಧಾನ್ಯ ಆಗದು’ ಎಂಬ ಮಾತು ಈಗ ಹಳ್ಳಿಗೂ ಬಂದಿದೆ. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ 2 ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇತ್ತು. ಬೇಸಾಯ ಹಳೆಯದಾಗಿರುವ ನಾಡುಗಳ ನಾಯಿಗಳಲ್ಲಿ ಈ ಪ್ರತಿಗಳು ಹೆಚ್ಚು, ಹಿಮಪ್ರದೇಶದ ಹಸ್ಕಿಯಂಥ ತಳಿಗಳಲ್ಲಿ ಕಡಿಮೆ ಎಂದು ನಂತರದ ಅಧ್ಯಯನಗಳು ತೋರಿಸಿದವು. ಮನುಷ್ಯರ ಜೊಲ್ಲಿನಲ್ಲಿರುವ ಅಮೈಲೇಸ್ ನಾಯಿಯ ಜೊಲ್ಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮುದ್ದೆಯನ್ನು ನಾವು ನುಂಗುವ ಹಾಗೆಯೇ ಅದೂ ನುಂಗುತ್ತದೆ, ಪಿಷ್ಟದ ಕೆಲಸವೆಲ್ಲ ಹೊಟ್ಟೆಯಾಚೆ, ಮೇದೋಜೀರಕ ಗ್ರಂಥಿಯ ರಸದಲ್ಲಿ. ಹಾಗಾಗಿ ಚೆನ್ನಾಗಿ ಬೆಂದ ರಾಗಿ, ಅನ್ನ, ಆಲೂಗಡ್ಡೆ ನಾಯಿಗೆ ಅನ್ಯವಲ್ಲ. ಮುದ್ದೆಯೊಂದೇ ಪೂರ್ಣ ಆಹಾರವಲ್ಲ ಎಂಬುದು ನಿಜ, ಆದರೆ ನೆಲಗಡಲೆಯಷ್ಟು ಗಾತ್ರದ ಸಪ್ಪೆ ಮುದ್ದೆಯ ಉಂಡೆ ಒಳ್ಳೆಯ ಕೈತುತ್ತು.

ತೊಡಕಿರುವುದು ಸಾರಿನಲ್ಲಿ. ಈರುಳ್ಳಿ ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಕೆಡಿಸಿ ಒಡೆಯುವಂತೆ ಮಾಡುತ್ತವೆ. ಬೇಯಿಸಿದರೂ ಹುರಿದರೂ ಆ ಗುಣ ಹೋಗುವುದಿಲ್ಲ. ಒಂದು ತುತ್ತಿಗೆ ಏನೂ ಆಗದಿರಬಹುದು. ದಿನವೂ ಸ್ವಲ್ಪ ಸ್ವಲ್ಪ ಸೇರಿದರೆ, ಅದರಲ್ಲೂ ಮೊದಲೇ ಕಾಯಿಲೆ ಬಿದ್ದ ನಾಯಿಗೆ, ಅದು ಸಣ್ಣ ಮಾತಲ್ಲ. ಹುಣಸೆಯ ವಿಷಯ ಇನ್ನೂ ಹೊಸದು. ದ್ರಾಕ್ಷಿ ತಿಂದ ನಾಯಿಗಳಲ್ಲಿ ಕೆಲವಕ್ಕೆ ಕಿಡ್ನಿ ಕೈಕೊಡುವುದೇಕೆ ಎಂಬುದು ಬಹುಕಾಲ ಒಗಟಾಗಿತ್ತು. ಮಕ್ಕಳ ಆಟಕ್ಕೆಂದು ಮನೆಯಲ್ಲಿ ಕಲಸಿದ ಹಿಟ್ಟನ್ನು ತಿಂದ ನಾಯಿಗೂ ಅದೇ ಲಕ್ಷಣ ಬಂದಾಗ ಅಮೆರಿಕದ ವಿಷಚಿಕಿತ್ಸಾ ತಜ್ಞರು ಹಿಟ್ಟಿನಲ್ಲಿದ್ದ ಟಾರ್ಟಾರಿಕ್ ಆಮ್ಲದ ಲವಣವನ್ನು ಗುರುತಿಸಿದರು. ದ್ರಾಕ್ಷಿಯಲ್ಲಿರುವುದೂ ಅದೇ ಆಮ್ಲ. 2022ರಲ್ಲಿ ಅವರು ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳ ಪ್ರಕರಣಗಳನ್ನೂ ದಾಖಲಿಸಿದರು. ಹುಳಿ, ಸಾರು, ಗೊಜ್ಜು, ಪುಳಿಯೋಗರೆ ತಿನ್ನುವ ನಮ್ಮ ಮನೆಗಳಲ್ಲಿ ಇದು ತಿಳಿದಿರಬೇಕಾದ ಸಂಗತಿ. ಕೇಸರಿಬಾತಿನ, ಪಾಯಸದ ಒಣದ್ರಾಕ್ಷಿಯಂತೂ ಬೇಡವೇ ಬೇಡ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅಂದು ಮೂಳೆ, ಕೊಬ್ಬು, ಕೋಳಿಚರ್ಮ ಎಲ್ಲ ನಾಯಿಯ ಪಾಲು. ಎರಡು ದಿನದಲ್ಲಿ ನಾಯಿ ವಾಂತಿ ಮಾಡುತ್ತ, ಮುಂಗಾಲು ಚಾಚಿ ಎದೆಯನ್ನು ನೆಲಕ್ಕೂರಿ, ಹಿಂಭಾಗವನ್ನು ಮಾತ್ರ ಎತ್ತಿ ನಿಂತರೆ ಅದು ಆಟಕ್ಕೆ ಕರೆಯುತ್ತಿರುವುದಲ್ಲ, ಹೊಟ್ಟೆನೋವಿನಲ್ಲಿದೆ. ಮೇದೋಜೀರಕ ಗ್ರಂಥಿಯೊಳಗೆ ನಿದ್ರಿಸುತ್ತಿರಬೇಕಾದ ಕಿಣ್ವಗಳು ಅಲ್ಲೇ ಎಚ್ಚೆತ್ತು ಗ್ರಂಥಿಯನ್ನೇ ಜೀರ್ಣಿಸತೊಡಗುವ ಈ ಊತಕ್ಕೆ ಪ್ಯಾಂಕ್ರಿಯಾಟೈಟಿಸ್ ಎನ್ನುತ್ತಾರೆ. ಜಿಡ್ಡಿನ ಊಟ ಇದಕ್ಕೆ ಮುಖ್ಯ ಪ್ರಚೋದಕ. ತಡಮಾಡದೆ ಪಶುವೈದ್ಯರ ಹತ್ತಿರ ಹೋಗಬೇಕು. ಹಾಸನದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜೇ ಇದೆ. ಬದುಕಿ ಬಂದ ನಾಯಿಗೆ ಮುಂದೆ ಬಹುಪಾಲು ಜಿಡ್ಡಿಲ್ಲದ ಪಥ್ಯ.

ಆಗ ಕೈಯಲ್ಲಿ ಏನು ಹಿಡಿಯುವುದು? ಪಲ್ಯಕ್ಕೆ ಹುರುಳಿಕಾಯಿ ಬೇಯುವಾಗ ಉಪ್ಪು ಹಾಕುವ ಮುಂಚೆ ನಾಲ್ಕು ಕಾಯಿ ಎತ್ತಿ, ನಾರು ತೆಗೆದು, ಉಗುರಗಲ ಕತ್ತರಿಸಿ. ಇನ್ನೂ ಸ್ವಲ್ಪ ಬೆಚ್ಚಗಿರುವಾಗಲೇ ಕೊಡಿ, ಬಿಸಿಗೆ ವಾಸನೆ ಏಳುತ್ತದೆ. ನಾಯಿಯ ನಾಲಗೆಯಲ್ಲಿ ರುಚಿಮೊಗ್ಗು ಸುಮಾರು 1,700, ನಮ್ಮಲ್ಲಿ 9,000. ಅದಕ್ಕೆ ಊಟದ ಸುಖ ಬರುವುದು ಬಹುಮಟ್ಟಿಗೆ ಮೂಗಿನಿಂದ. ಅಂಗಡಿಯ ಕಡಲೆಪುರಿಯಲ್ಲಿ ಸಾಮಾನ್ಯವಾಗಿ ಉಪ್ಪಿರುತ್ತದೆ, ಅದರ ಬದಲು ಪೂಜೆಗೆ ತರುವ ಭತ್ತದ ಅರಳು ಒಳ್ಳೆಯದು: ಉಪ್ಪಿಲ್ಲ, ಜಿಡ್ಡು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಹೊಟ್ಟು ಒಂದೂ ಉಳಿಯದಂತೆ ಕೈಯಲ್ಲಿ ಆರಿಸಿ ಕೊಡಬೇಕು, ಗಂಟಲಿಗೆ ಚುಚ್ಚುತ್ತದೆ.

ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟಗಳವರಿಗೆ ಒಂದು ಲೆಕ್ಕ. ಕೈತುತ್ತು ದಿನದ ಒಟ್ಟು ಶಕ್ತಿಯ ಶೇ 10 ಮೀರಬಾರದು ಎಂಬುದು ವೈದ್ಯರ ಸಾಮಾನ್ಯ ಸೂತ್ರ. 15 ಕೆ.ಜಿ. ತೂಗುವ ನಾಟಿ ನಾಯಿಗೆ ದಿನಕ್ಕೆ ಸುಮಾರು 850 ಕಿಲೋಕ್ಯಾಲರಿ ಬೇಕು ಎಂದರೆ ಕೈತುತ್ತಿನ ಪಾಲು 85. ಒಣ ಕೊಬ್ಬರಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಕೊಬ್ಬು, ಹಾಗಾಗಿ 13 ಗ್ರಾಂ ಕೊಬ್ಬರಿಗೇ ಆ ಲೆಕ್ಕ ಮುಗಿಯಿತು. ಗ್ಲೂಕೋಸ್ ಬಿಸ್ಕತ್ತಾದರೆ ನಾಲ್ಕಕ್ಕೆ ಮುಗಿಯುತ್ತದೆ. ಅಷ್ಟೇ ಶಕ್ತಿಗೆ ಕ್ಯಾರೆಟ್ ಕೊಟ್ಟರೆ ಕಾಲು ಕೆ.ಜಿ.ಯ ಹತ್ತಿರ ಹತ್ತಿರ ಬರುತ್ತದೆ. ಮೈಬಂದ ನಾಯಿಗೂ ಪ್ಯಾಂಕ್ರಿಯಾಟೈಟಿಸ್ ನಾಯಿಗೂ ನಾನು ಕ್ಯಾರೆಟ್ಟನ್ನೇ ಹೇಳುತ್ತೇನೆ.

ತುರಿಕೆ, ಕಿವಿಸೋರುವಿಕೆ, ಪಾದ ನೆಕ್ಕುವುದು ನಿಲ್ಲದಿದ್ದರೆ ಆಹಾರದ ಅಲರ್ಜಿ ಇರಬಹುದು. 2016ರಲ್ಲಿ 297 ಅಲರ್ಜಿ ನಾಯಿಗಳ ವರದಿಗಳನ್ನು ಒಟ್ಟುಹಾಕಿ ನೋಡಿದಾಗ ದನದ ಮಾಂಸ ಶೇ 34ರಲ್ಲಿ, ಹಾಲಿನ ಪದಾರ್ಥ ಶೇ 17ರಲ್ಲಿ, ಕೋಳಿ ಶೇ 15ರಲ್ಲಿ, ಗೋಧಿ ಶೇ 13ರಲ್ಲಿ ಕಾರಣವಾಗಿದ್ದವು. ಇದನ್ನು ಪತ್ತೆಹಚ್ಚಲು ನಂಬುವಂಥ ದಾರಿ ಒಂದೇ: ನಾಯಿ ಹಿಂದೆ ತಿಂದಿರದ ಒಂದೆರಡು ಪದಾರ್ಥಗಳನ್ನಷ್ಟೇ ಕನಿಷ್ಠ 8 ವಾರ ಕೊಟ್ಟು ನೋಡುವುದು. ಈ ಎಂಟು ವಾರದಲ್ಲಿ ಗೋಧಿಯೂ ಹಾಲಿನಂಶವೂ ಇರುವ ಒಂದು ಬಿಸ್ಕತ್ತು ಬಿದ್ದರೂ ಪರೀಕ್ಷೆ ಕೆಟ್ಟಂತೆ. ಮುದ್ದೆಗೆ ಸವರಿದ ತುಪ್ಪವೂ ಬೇಡ. ಕೈತುತ್ತು ಆ ಪಥ್ಯದ ಪದಾರ್ಥದಿಂದಲೇ ಆಗಬೇಕು.

ಪಥ್ಯದಲ್ಲಿ ಆಲೂಗಡ್ಡೆ ಇದ್ದರೆ ಹಾಸನದವರಿಗೆ ಇದು ಸುಲಭ. ಜಲಂಧರದ ಬಿತ್ತನೆಗಡ್ಡೆ ತರಿಸಿ ಮುಂಗಾರಿನಲ್ಲಿ ಆಲೂಗಡ್ಡೆ ಬೆಳೆಯುವ ಜಿಲ್ಲೆ ಇದು. ಸಿಪ್ಪೆ ತೆಗೆದು ಸಪ್ಪೆಯಾಗಿ ಬೇಯಿಸಿ ಪಗಡೆಕಾಯಿ ಗಾತ್ರಕ್ಕೆ ಕತ್ತರಿಸಿದರಾಯಿತು. ಮಾತ್ರೆ ನುಂಗಿಸಲೂ ಇದೇ ಸಾಕು, ಹಿಸುಕಿ ಒಳಗಿಟ್ಟು ಉಂಡೆ ಕಟ್ಟಬಹುದು. ಆದರೆ ಕೀಳುವಾಗ ಬಿಸಿಲಿಗೆ ಬಿದ್ದು ಹಸಿರಾದ ಗಡ್ಡೆ, ಮೊಳಕೆ ಬಂದ ಗಡ್ಡೆ ಬೇಡ. ಅವುಗಳಲ್ಲಿ ಸೊಲನೈನ್ ಎಂಬ ವಿಷ ಹೆಚ್ಚಿರುತ್ತದೆ, ಕುದಿಸಿದರೂ ಹೋಗದು. ಮಾರಲಾಗದ ಅಂಥ ಗಡ್ಡೆಯನ್ನು ಪ್ರಾಣಿಗಳಿಗೆಂದು ಎತ್ತಿಡುವ ಅಭ್ಯಾಸ ಬಿಡಬೇಕು.

ಕಿಡ್ನಿ ಸೋತ ನಾಯಿಗೆ ರಂಜಕ ಕಡಿಮೆ ಇರಬೇಕು. ಮೂಳೆ, ಹಾಲು, ಪನೀರು, ಒಣಮಾಂಸದ ತಿನಿಸು ಬಿಟ್ಟು ಬೀಜ ತೆಗೆದ ಸೇಬು, ಹುರುಳಿಕಾಯಿ ಕೊಡಬಹುದು. ಹೃದ್ರೋಗವಿದ್ದರೆ ಉಪ್ಪು ದೂರ. ಡಾಲ್ಮೇಶಿಯನ್ ತಳಿಗೆ ಯೂರಿಕ್ ಆಮ್ಲದ ಜೀನ್ ದೋಷದಿಂದ ಮೂತ್ರದಲ್ಲಿ ಕಲ್ಲು ಕಟ್ಟುವುದುಂಟು, ಅದಕ್ಕೆ ಈಲಿ ಕೊಡಬಾರದು. ಆಕ್ಸಲೇಟ್ ಕಲ್ಲಿನ ನಾಯಿಗೆ ಪಾಲಕ್, ಬೀಟ್ರೂಟ್, ಗೆಣಸು ಬೇಡ. ಸಕ್ಕರೆ ಕಾಯಿಲೆಯ ನಾಯಿಗೆ ಬೆಲ್ಲ, ಬಾಳೆಹಣ್ಣು ಬೇಡ, ಹಾಗೆಂದು ಮನೆಯ ಹಿರಿಯರಿಗೆ ತಂದ ‘ಶುಗರ್‌ಫ್ರೀ’ ಸಿಹಿಯನ್ನು ಕೊಡುವುದು ಇನ್ನೂ ಅಪಾಯ. ಅದರಲ್ಲಿ ಜೈಲಿಟಾಲ್ ಇದ್ದರೆ ನಾಯಿಯ ರಕ್ತದಲ್ಲಿ ಇನ್ಸುಲಿನ್ ಒಮ್ಮೆಲೇ ಏರಿ ಸಕ್ಕರೆ ಕುಸಿದು ಪ್ರಾಣಕ್ಕೇ ಬರಬಹುದು.

ಇಷ್ಟು ಸಪ್ಪೆ ತುಂಡಿಗೆ ನಾಯಿ ಒಲಿಯುವುದೇ ಎಂದು ಕೇಳುವವರಿಗೆ ಒಂದು ಪ್ರಯೋಗ ಹೇಳಬೇಕು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ತಂಡ 15 ನಾಯಿಗಳನ್ನು ಎಚ್ಚರದಲ್ಲೇ ಸ್ಕ್ಯಾನರಿನೊಳಗೆ ಅಲುಗದೆ ಮಲಗಲು ಕಲಿಸಿ, ಒಮ್ಮೆ ತಿಂಡಿಯ ಸೂಚನೆ, ಒಮ್ಮೆ ಯಜಮಾನರ ಮೆಚ್ಚುಗೆಯ ಸೂಚನೆ ಕೊಟ್ಟು ಮಿದುಳನ್ನು ಗಮನಿಸಿತು. 2016ರಲ್ಲಿ ಬಂದ ಫಲಿತಾಂಶದಂತೆ 9 ನಾಯಿಗಳಿಗೆ ಎರಡೂ ಒಂದೇ, 4ಕ್ಕೆ ಮೆಚ್ಚುಗೆಯೇ ಹೆಚ್ಚು. ತಿಂಡಿಯೇ ಮೇಲು ಎಂದದ್ದು ಎರಡೇ. ಹೆಸರು ಹಿಡಿದು ಕರೆದು, ತಲೆ ಸವರಿ, ಉಗುರಗಲದ ಹುರುಳಿಕಾಯಿ ಕೊಟ್ಟರೆ ನಾಯಿಗೆ ಸಿಗುವುದು ಕಾಯಿಯಷ್ಟೇ ಅಲ್ಲ.

ಇನ್ನು ಮನೆ ತುಂಬ ಜನರಿರುವಾಗ ಅಜ್ಜಿ ಒಂದು, ಮೊಮ್ಮಗ ಎರಡು, ಪಕ್ಕದ ಮನೆಯವರು ಇನ್ನೊಂದು ಎಂದು ಕೊಟ್ಟರೆ ಲೆಕ್ಕ ತಪ್ಪುತ್ತದೆ. ಬೆಳಗ್ಗೆ ಅಡುಗೆಯಾಗುವಾಗಲೇ ದಿನದ ತುಂಡುಗಳನ್ನೆಲ್ಲ ಒಂದು ಮುಚ್ಚಳದ ಡಬ್ಬಿಗೆ ಹಾಕಿ, ಯಾರು ಕೊಟ್ಟರೂ ಅದರಿಂದಲೇ ಕೊಡಲಿ. ಬೆಂದದ್ದನ್ನು ಮರುದಿನಕ್ಕೆ ಉಳಿಸುವುದು ಬೇಡ. ಹೊಸ ಪದಾರ್ಥವನ್ನು ಡಾಕ್ಟರನ್ನು ಕೇಳಿಯೇ, ಒಮ್ಮೆಗೆ ಒಂದರಂತೆ ಸೇರಿಸಿ, ಎರಡು ಮೂರು ದಿನ ಮಲ ಸರಿಯಾಗಿದೆಯೇ, ತುರಿಕೆ ಹೆಚ್ಚಿತೇ ಎಂದು ನೋಡಿದ ಮೇಲೆ ಮುಂದಿನದಕ್ಕೆ ಹೋಗಬಹುದು.